ಅಭಿಮಾನಿಗಳ ಮಾತು ಕೇಳಿ ಕೆಟ್ಟ ಸ್ಟಾರ್ ವಾರ್ಸ್

ಬಾಹ್ಯಾಕಾಶದ ಸಾಹಸ ಸರಣಿ ಸ್ಟಾರ್ ವಾರ್ಸ್‌ನ ಒಂಬತ್ತನೇ ಭಾಗವಾಗಿ 2019ರ ಡಿಸೆಂಬರಿನಲ್ಲಿ ಬಂದ ‘ದ ರೈಸ್ ಆಫ್ ಸ್ಕೈವಾಕರ್’ ಸಿನಿಮಾದ ಕೊನೆಗೆ ಒಂದು ಪುಟ್ಟ ದೃಶ್ಯವಿದೆ. ಯುದ್ಧ ಗೆದ್ದಾಗಿದೆ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾರೆ. ಆ ಗದ್ದಲದ ನಡುವೆ ಮಾಝ್ ಎಂಬ ಗಿಡ್ಡ ಮುದುಕಿ, ಮೈತುಂಬ ಕೂದಲಿರುವ ಚೂಬಾಕನ ಕೈಗೆ ಒಂದು ಪದಕ ಇಡುತ್ತಾಳೆ. ಸ್ಟಾರ್ ವಾರ್ಸ್ ನೋಡದವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. 1977ರ ಮೊದಲ ಸಿನಿಮಾದ ಕೊನೆಯಲ್ಲಿ ನಾಯಕ ಲ್ಯೂಕ್ ಮತ್ತು ಅವನ ಗೆಳೆಯ ಹ್ಯಾನ್ ಸೋಲೋ ಇಬ್ಬರ ಕೊರಳಿಗೂ ಪದಕ ಬೀಳುತ್ತದೆ. ಪಕ್ಕದಲ್ಲೇ ನಿಂತ ಚೂಬಾಕನಿಗೆ ಏನೂ ಇಲ್ಲ. ಇದು ಅನ್ಯಾಯ ಅಂತ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದ್ದರು. 42 ವರ್ಷದ ಮೇಲೆ ಅಂತೂ ಕೊಟ್ಟರು.

ಆ ಸಿನಿಮಾದಲ್ಲಿ ಹೀಗೆ ಹಳೇ ದೂರುಗಳಿಗೆ ಮಾಡಿದ ಪರಿಹಾರಗಳು ಒಂದೆರಡಲ್ಲ. ಆದರೆ ಥಿಯೇಟರಿನಿಂದ ಹೊರಬರುವ ಪ್ರೇಕ್ಷಕರನ್ನು ನಿಲ್ಲಿಸಿ ಕೇಳಿ ಅಂಕ ಕೊಡುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ‘ಬಿ ಪ್ಲಸ್’. ಕಾರ್ಟೂನ್ ಬಿಟ್ಟರೆ ಸ್ಟಾರ್ ವಾರ್ಸ್ ಸಿನಿಮಾಗಳಲ್ಲೇ ಇದು ಅತಿ ಕಮ್ಮಿ. ಇದಕ್ಕಿಂತ ಎರಡು ವರ್ಷ ಮುಂಚೆ ಬಂದು ಅಭಿಮಾನಿಗಳನ್ನು ರೊಚ್ಚಿಗೆಬ್ಬಿಸಿದ್ದ ‘ದ ಲಾಸ್ಟ್ ಜೆಡೈ’ಗೆ ಅದೇ ಸಮೀಕ್ಷೆ ‘ಎ’ ಕೊಟ್ಟಿತ್ತು.

ಡಿಸ್ನಿ ಕೈಗೆ ಹೋಗಿ ಸ್ಟಾರ್ ವಾರ್ಸ್ ಹಾಳಾಯಿತು ಅನ್ನುವ ದೂರು ಹಳೆಯದು. ಹೊಸ ಮಾಲೀಕರಿಗೆ ಅಭಿಮಾನಿಗಳ ಬೆಲೆ ಗೊತ್ತಿಲ್ಲ, ಅವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನುವುದು ಅದರ ಸಾರ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ಕೇಳಿಸಿಕೊಂಡಿದ್ದೇ ಜಾಸ್ತಿಯಾಯಿತು. ಅದೂ ಕತೆ ಬರೆಯುವವರು ಸಾವಧಾನವಾಗಿ ಕೇಳಿದ್ದಲ್ಲ, ದುಡ್ಡು ಹಾಕಿದವರು ಹೆದರಿಕೊಂಡು ಕೇಳಿದ್ದು.

ಮೊದಲು ವರ್ಷ, ಆಮೇಲೆ ಕತೆ

2012ರ ಅಕ್ಟೋಬರ್ 30ರಂದು ಡಿಸ್ನಿ ಕಂಪನಿ, ಸ್ಟಾರ್ ವಾರ್ಸ್ ಮಾಡುವ ಲೂಕಸ್‌ಫಿಲ್ಮ್ ಅನ್ನು 405 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸುಮಾರು ಅರ್ಧ ನಗದು, ಅರ್ಧ ಡಿಸ್ನಿ ಷೇರು. ಲೂಕಸ್‌ಫಿಲ್ಮ್‌ಗೆ ಇದ್ದದ್ದು ಒಬ್ಬರೇ ಮಾಲೀಕರು, ಸ್ಟಾರ್ ವಾರ್ಸ್ ಹುಟ್ಟುಹಾಕಿದ ನಿರ್ದೇಶಕ ಜಾರ್ಜ್ ಲೂಕಸ್. ಆಗ ಅವರಿಗೆ 68 ವರ್ಷ. ಕಂಪನಿ ನೋಡಿಕೊಳ್ಳಲು ಅನುಭವಿ ನಿರ್ಮಾಪಕಿ ಕ್ಯಾಥ್ಲೀನ್ ಕೆನಡಿ ಅವರನ್ನು ಅದೇ ವರ್ಷ ಅವರೇ ಕರೆತಂದಿದ್ದರು.

ಆ ದಿನದ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಸರಣಿಯ ಏಳನೇ ಭಾಗ 2015ರಲ್ಲಿ ತೆರೆಗೆ ಬರುತ್ತದೆ, ಅದರ ಹಿಂದೆ ಇನ್ನಷ್ಟು ಸಿನಿಮಾಗಳು ಬರುತ್ತವೆ ಅಂತ. ನಿರ್ದೇಶಕರ ಹೆಸರಿಲ್ಲ, ಆದರೆ ಬಿಡುಗಡೆಯ ವರ್ಷ ನಿಕ್ಕಿ. ಮುಂದಿನ ಏಳು ವರ್ಷದ ಎಷ್ಟೋ ತೊಂದರೆಗಳಿಗೆ ಬೀಜ ಬಿದ್ದಿದ್ದು ಇಲ್ಲೇ ಅಂತ ನನ್ನ ಲೆಕ್ಕ.

ಯಾಕೆ ಈ ಅವಸರ? ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ 2006ರಲ್ಲಿ ಪಿಕ್ಸಾರ್ ಕೊಂಡಿದ್ದರು, 2009ರಲ್ಲಿ ಮಾರ್ವೆಲ್ ಕೊಳ್ಳುವುದಾಗಿ ಪ್ರಕಟಿಸಿದ್ದರು. ಮಾರ್ವೆಲ್‌ನಿಂದ ವರ್ಷಕ್ಕೆ ಒಂದೆರಡು ಸಿನಿಮಾ ಬರತೊಡಗಿದ್ದವು, ದುಡ್ಡೂ ಬರತೊಡಗಿತ್ತು. ಷೇರು ಕೊಟ್ಟು ಕೊಂಡ ಕಂಪನಿ ಬೇಗ ದುಡಿಯಬೇಕು, ಇಲ್ಲದಿದ್ದರೆ ಷೇರುದಾರರು ಸುಮ್ಮನಿರುವುದಿಲ್ಲ. ಲೂಕಸ್‌ಗೆ ಆ ಕಾಟ ಇರಲಿಲ್ಲ. 1977, 1980, 1983ರಲ್ಲಿ ಮೂರು ಸಿನಿಮಾ ತಂದರು. ಆಮೇಲೆ 16 ವರ್ಷ ಬಿಟ್ಟು 1999, 2002, 2005ರಲ್ಲಿ ಇನ್ನು ಮೂರು. ಆರು ಸಿನಿಮಾಕ್ಕೆ 28 ವರ್ಷ. ಡಿಸ್ನಿ 2015ರ ಡಿಸೆಂಬರಿನಿಂದ 2019ರ ಡಿಸೆಂಬರಿನೊಳಗೆ, ಅಂದರೆ ಬರೀ ನಾಲ್ಕು ವರ್ಷದಲ್ಲಿ, ಐದು ಸಿನಿಮಾ ಇಳಿಸಿತು.

ಲೂಕಸ್ ಸಾಧುಸಂತರೇನಲ್ಲ. ದುಡ್ಡಿನ ವಿಷಯದಲ್ಲಿ ಅವರಷ್ಟು ಚಾಲಾಕಿ ನಿರ್ದೇಶಕರು ಹಾಲಿವುಡ್‌ನಲ್ಲಿ ಕಮ್ಮಿ. ಮೊದಲ ಸಿನಿಮಾಕ್ಕೆ ಹೆಚ್ಚಿನ ಸಂಭಾವನೆ ಕೇಳುವ ಬದಲು ಮುಂದಿನ ಭಾಗಗಳ ಮತ್ತು ಆಟಿಕೆ, ಟೀ ಶರ್ಟ್‌ಗಳ ಹಕ್ಕು ಇಟ್ಟುಕೊಂಡರು. ಸ್ಟುಡಿಯೋದವರು ಅದಕ್ಕೇನು ಮಹಾ ಬೆಲೆ ಅಂದುಕೊಂಡು ಬಿಟ್ಟುಕೊಟ್ಟರು. ಸಿನಿಮಾ ಗೆದ್ದಿದ್ದು ಎಷ್ಟು ಅನಿರೀಕ್ಷಿತ ಅಂದರೆ, ಆಟಿಕೆ ಮಾಡುವ ಕೆನ್ನರ್ ಕಂಪನಿ ಆ ವರ್ಷದ ಕ್ರಿಸ್‌ಮಸ್‌ಗೆ ಗೊಂಬೆಗಳನ್ನು ತಯಾರು ಮಾಡಲಾಗದೆ ಬರೀ ಒಂದು ಚೀಟಿ ಮಾರಿತು. ಗೊಂಬೆ ಆಮೇಲೆ ಅಂಚೆಯಲ್ಲಿ ಬರುತ್ತದೆ ಅನ್ನುವ ಚೀಟಿ. ಅಪ್ಪ ಅಮ್ಮಂದಿರು ದುಡ್ಡು ಕೊಟ್ಟು ಅದನ್ನೇ ಕೊಂಡರು. ಹಾಗಾಗಿ ‘ಲೂಕಸ್ ಕಲೆಗಾಗಿ ಮಾಡಿದರು, ಡಿಸ್ನಿ ದುಡ್ಡಿಗಾಗಿ ಮಾಡಿತು’ ಅನ್ನುವ ವಾದ ನಿಲ್ಲುವುದಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಲೂಕಸ್ ತಮ್ಮ ದುಡ್ಡು, ತಮ್ಮ ಹಟ, ತಮಗೆ ಬೇಕಾದಾಗ ಸಿನಿಮಾ ಅಂತ ಇದ್ದರು. ಬೇರೆಯವರ ಬೇಸರ ಅವರಿಗೆ ತಟ್ಟುತ್ತಿತ್ತು, ಆದರೆ ಅವರ ಕೈ ಕಟ್ಟುತ್ತಿರಲಿಲ್ಲ.

ಆಗಲೂ ಜಗಳ ಇತ್ತು

ಈಗ ಲೂಕಸ್ ಕಾಲವನ್ನು ರಾಮರಾಜ್ಯ ಅನ್ನುವವರು ಸ್ವಲ್ಪ ಹಿಂದೆ ತಿರುಗಿ ನೋಡಬೇಕು. 1997ರಲ್ಲಿ ಅವರು ಹಳೇ ಮೂರೂ ಸಿನಿಮಾಗಳಿಗೆ ಕಂಪ್ಯೂಟರಿನಲ್ಲಿ ಮಾಡಿದ ಹೊಸ ದೃಶ್ಯಗಳನ್ನು ಸೇರಿಸಿ ಮತ್ತೆ ಬಿಡುಗಡೆ ಮಾಡಿದರು. ಮೊದಲ ಸಿನಿಮಾದಲ್ಲಿ ಹ್ಯಾನ್ ಸೋಲೋ ಮೇಜಿನ ಕೆಳಗಿನಿಂದಲೇ ಎದುರಾಳಿಯನ್ನು ಹೊಡೆದುರುಳಿಸುತ್ತಾನೆ. ಹೊಸ ಆವೃತ್ತಿಯಲ್ಲಿ ಎದುರಾಳಿಯೇ ಮೊದಲು ಗುಂಡು ಹಾರಿಸಿದ ಹಾಗೆ ತಿದ್ದಿದರು. ಒಂದು ಕ್ಷಣದ ತಿದ್ದುಪಡಿ, ಅಷ್ಟೆ. ಆದರೆ ಹ್ಯಾನ್ ಎಂಥವನು ಅನ್ನುವುದೇ ಬದಲಾಯಿತು ಅಂತ ಜನ ಇವತ್ತಿಗೂ ಸಿಟ್ಟಾಗುತ್ತಾರೆ. ತಮಾಷೆ ಏನೆಂದರೆ, ಹಳೇ ಸಿನಿಮಾಗಳನ್ನು ತಿದ್ದಿ ಬಣ್ಣ ಬಳಿಯಬಾರದು ಅಂತ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹೋಗಿ ಸಾಕ್ಷಿ ಹೇಳಿದವರೂ ಇದೇ ಲೂಕಸ್!

1977ರ ಮೂಲ ಆವೃತ್ತಿ ಆಮೇಲೆ ಒಳ್ಳೆಯ ಗುಣಮಟ್ಟದಲ್ಲಿ ಸಿಗುವುದೇ ನಿಂತುಹೋಯಿತು. ಕೆಲವು ಅಭಿಮಾನಿಗಳು ಹಳೇ 35 ಎಂ.ಎಂ. ಪ್ರಿಂಟ್ ಹುಡುಕಿ, ಫ್ರೇಮ್ ಫ್ರೇಮ್ ಸ್ಕ್ಯಾನ್ ಮಾಡಿ ತಾವೇ ಒಂದು ಆವೃತ್ತಿ ಸಿದ್ಧಪಡಿಸಿಕೊಂಡರು. ಸಿನಿಮಾಕ್ಕೆ 50 ವರ್ಷ ತುಂಬುವ 2027ರಲ್ಲಿ ಆ ಮೂಲ ಆವೃತ್ತಿಯನ್ನು ಥಿಯೇಟರಿಗೆ ತರುವುದಾಗಿ ಲೂಕಸ್‌ಫಿಲ್ಮ್ ಹೇಳಿದೆ. ಈ ಒಂದು ವಿಷಯಕ್ಕೆ ಹೊಸ ಮಾಲೀಕರಿಗೆ ಪೂರ್ತಿ ಅಂಕ ಕೊಡಬೇಕು. ಅಭಿಮಾನಿಗಳು ಕೇಳಿದ್ದು ಕೊಟ್ಟರು, ಅದಕ್ಕಾಗಿ ಯಾವ ಬರಹಗಾರನ ಕೈಯನ್ನೂ ಹಿಡಿಯಬೇಕಾಗಲಿಲ್ಲ.

1999ರಲ್ಲಿ ಬಂದ ‘ದ ಫ್ಯಾಂಟಮ್ ಮೆನೇಸ್’ ಮೇಲೆ ಬಿದ್ದ ಬೈಗುಳ ಗೊತ್ತೇ ಇದೆ. ಅದರಲ್ಲಿ ಜಾರ್ ಜಾರ್ ಬಿಂಕ್ಸ್ ಎಂಬ ಹಾಸ್ಯ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಆ ದ್ವೇಷದಿಂದ ನೊಂದು ಜೀವ ಕಳೆದುಕೊಳ್ಳುವ ಯೋಚನೆ ಮಾಡಿದ್ದಾಗಿ 2018ರಲ್ಲಿ ಹೇಳಿಕೊಂಡರು. ಅಭಿಮಾನಿಗಳ ಸಿಟ್ಟು ನಟರ ಮೇಲೆ ತಿರುಗುವುದು ಡಿಸ್ನಿ ಕಾಲದಲ್ಲಿ ಶುರುವಾದ ರೋಗವಲ್ಲ.

ಲೂಕಸ್ ಅವರೇ ಮುಂದಿನ ಮೂರು ಸಿನಿಮಾ ಮಾಡಿದ್ದರೆ? ತಾವು ಯೋಚಿಸಿದ್ದ ಕತೆ ಸೂಕ್ಷ್ಮಜೀವಿಗಳ ಲೋಕಕ್ಕೆ ಹೋಗುತ್ತಿತ್ತು, ಎಷ್ಟೋ ಅಭಿಮಾನಿಗಳಿಗೆ ಅದು ಹಿಡಿಸುತ್ತಿರಲಿಲ್ಲ ಅಂತ ಅವರೇ ಜೇಮ್ಸ್ ಕ್ಯಾಮರೂನ್ ಜೊತೆಗಿನ ಮಾತುಕತೆಯಲ್ಲಿ ಹೇಳಿದ್ದಾರೆ. ನನಗಂತೂ ಆ ವಿಚಿತ್ರ ಸಿನಿಮಾ ನೋಡುವ ಆಸೆ ಇತ್ತು. ಕೆಟ್ಟದ್ದಾದರೂ ಅದು ಒಬ್ಬರ ತಲೆಯಿಂದ ಬಂದದ್ದಾಗಿರುತ್ತಿತ್ತು.

ಮೂರು ಸಿನಿಮಾ, ಮೂರು ದಿಕ್ಕು

ಮಾರಾಟದ ಜೊತೆಗೆ ಲೂಕಸ್ ಮುಂದಿನ ಮೂರು ಭಾಗಗಳ ಕತೆಯ ಎಳೆಯನ್ನೂ ಬರೆದು ಕೊಟ್ಟಿದ್ದರು. ಡಿಸ್ನಿ ಅದನ್ನು ಕೊಂಡಿತು, ಆದರೆ ಬಳಸಲೇಬೇಕು ಅನ್ನುವ ಕರಾರು ಇರಲಿಲ್ಲ. ಬಳಸುತ್ತಿಲ್ಲ ಅಂತ ಗೊತ್ತಾದಾಗ ಲೂಕಸ್‌ಗೆ ಮೋಸಹೋದಂತೆ ಅನ್ನಿಸಿತು ಅಂತ ಐಗರ್ ತಮ್ಮ ಆತ್ಮಕತೆಯಲ್ಲಿ ಒಪ್ಪಿಕೊಂಡಿದ್ದಾರೆ. 2015ರ ಏಳನೇ ಭಾಗ ‘ದ ಫೋರ್ಸ್ ಅವೇಕನ್ಸ್’ ನೋಡಿದ ಮೇಲೆ ಇದರಲ್ಲಿ ಹೊಸದೇನೂ ಇಲ್ಲ ಅಂತ ಲೂಕಸ್ ಬೇಸರಪಟ್ಟಿದ್ದನ್ನೂ ಬರೆದಿದ್ದಾರೆ.

ಹೊಸದೇನೂ ಇರಲಿಲ್ಲ ಅನ್ನುವುದು ನಿಜ. ಅದು ಬೇಕೆಂದೇ ಮಾಡಿದ್ದು. 1999ರಿಂದ 2005ರವರೆಗಿನ ಮೂರು ಸಿನಿಮಾಗಳ ಬಗ್ಗೆ ಜನ ಹೇಳಿದ ದೂರುಗಳನ್ನು ಪಟ್ಟಿ ಮಾಡಿ ಒಂದೊಂದಕ್ಕೂ ಉತ್ತರ ಬರೆದ ಹಾಗಿದೆ ಜೆ.ಜೆ. ಏಬ್ರಮ್ಸ್ ಮಾಡಿದ ಆ ಸಿನಿಮಾ. ಕಂಪ್ಯೂಟರ್ ಗ್ರಾಫಿಕ್ಸ್ ಜಾಸ್ತಿ ಆಯಿತು ಅಂದಿರಾ? ನಿಜವಾದ ಸೆಟ್, ನಿಜವಾದ ಗೊಂಬೆ ತೋರಿಸಿ ಪ್ರಚಾರ ಮಾಡಿದರು. ತೆರಿಗೆ, ವ್ಯಾಪಾರ ಒಪ್ಪಂದದ ಮಾತು ಬೋರ್ ಅಂದಿರಾ? ಅದೂ ಇಲ್ಲ. ಮರಳುಗಾಡಿನ ಗ್ರಹದಲ್ಲಿ ಒಂಟಿ ಜೀವ, ಗುಟ್ಟು ಹೊತ್ತ ಪುಟ್ಟ ರೋಬೋ, ಕೊನೆಗೆ ಗ್ರಹಗಳನ್ನೇ ಸುಡುವ ದೈತ್ಯ ಅಸ್ತ್ರವನ್ನು ಸ್ಫೋಟಿಸುವುದು. 1977ರದ್ದೇ ನಕ್ಷೆ. ಜಗತ್ತಿನಾದ್ಯಂತ ಸುಮಾರು 207 ಕೋಟಿ ಡಾಲರ್ ಗಳಿಸಿತು. ಅಂದಹಾಗೆ ನಮ್ಮಲ್ಲಿ ಅದು ಒಂದು ವಾರ ತಡವಾಗಿ ಬಂತು. ಡಿಸೆಂಬರ್ 18ರಂದು ‘ದಿಲ್‌ವಾಲೆ’ ಮತ್ತು ‘ಬಾಜೀರಾವ್ ಮಸ್ತಾನಿ’ ಎರಡೂ ಥಿಯೇಟರುಗಳನ್ನು ಹಿಡಿದಿದ್ದವು. ಅಮೆರಿಕದಲ್ಲಿ ದಾಖಲೆ ಮುರಿಯುತ್ತಿದ್ದ ಸಿನಿಮಾ ಇಲ್ಲಿ 25ರವರೆಗೆ ಸಾಲಿನಲ್ಲಿ ಕಾಯಿತು.

ಆ ಸಿನಿಮಾ ಮೂರು ಪ್ರಶ್ನೆ ಬಿಟ್ಟುಹೋಗಿತ್ತು. ನಾಯಕಿ ರೇ ಯಾರ ಮಗಳು? ಖಳನಾಯಕ ಸ್ನೋಕ್ ಯಾರು? ಇಷ್ಟು ವರ್ಷ ಅಡಗಿದ್ದ ಲ್ಯೂಕ್ ಮುಂದೆ ಏನು ಮಾಡುತ್ತಾನೆ? ಎಲ್ಲರೂ ಒಪ್ಪಿಕೊಂಡ ಉತ್ತರ ಇರಲಿಲ್ಲ. ಮೂರೂ ಭಾಗಗಳಿಗೆ ಸೇರಿ ಒಂದು ಗಟ್ಟಿ ಯೋಜನೆ ಇರಲಿಲ್ಲ. ಎಂಟನೇ ಭಾಗವನ್ನು ರಯಾನ್ ಜಾನ್ಸನ್ ಅವರಿಗೆ ವಹಿಸಿದ್ದರು. ಏಳನೇ ಭಾಗದ ಶೂಟಿಂಗ್ ನಡೆಯುತ್ತಿದ್ದಾಗಲೇ ಅವರು ಅಲ್ಲಿನ ದಿನದಿನದ ತುಣುಕುಗಳನ್ನು ನೋಡಿಕೊಂಡು ಮುಂದಿನ ಕತೆ ಬರೆಯುತ್ತಿದ್ದರು. ಒಂಬತ್ತನೆಯದನ್ನು ಇನ್ನೊಬ್ಬ ನಿರ್ದೇಶಕ ಕಾಲಿನ್ ಟ್ರೆವರೋ ಮಾಡಬೇಕಿತ್ತು. 2017ರ ಸೆಪ್ಟೆಂಬರಿನಲ್ಲಿ ಅವರು ಹೊರನಡೆದರು, ಏಬ್ರಮ್ಸ್ ವಾಪಸ್ ಬಂದರು. ಇದರ ನಡುವೆ 2016ರ ಡಿಸೆಂಬರ್ 27ರಂದು ಮೊದಲ ಸಿನಿಮಾದಿಂದಲೂ ರಾಜಕುಮಾರಿ ಲೇಯಾ ಪಾತ್ರ ಮಾಡಿದ್ದ ಕ್ಯಾರಿ ಫಿಶರ್ ತೀರಿಕೊಂಡರು. ಆದರೂ ಬಿಡುಗಡೆಯನ್ನು 2019ರಿಂದ ಆಚೆಗೆ ತಳ್ಳಲಿಲ್ಲ. ಮೇ ತಿಂಗಳಿಂದ ಡಿಸೆಂಬರಿಗೆ ಸರಿಸಿದರು, ಅಷ್ಟೆ.

ಜಾನ್ಸನ್ ಮಾಡಿದ ‘ದ ಲಾಸ್ಟ್ ಜೆಡೈ’ ಆ ಮೂರೂ ಪ್ರಶ್ನೆಗಳನ್ನು ಪಕ್ಕಕ್ಕೆ ತಳ್ಳಿತು. ರೇ ಕೊಟ್ಟ ಲೈಟ್‌ಸೇಬರ್ ಕತ್ತಿಯನ್ನು ಲ್ಯೂಕ್ ಕೈಗೆ ತಗೊಂಡು, ಒಂದು ಮಾತೂ ಆಡದೆ ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಡುತ್ತಾನೆ. ರೇ ಯಾರೋ ಕುಡುಕರ ಮಗಳು ಅಂತಾಯಿತು. ಸ್ನೋಕ್ ಯಾರೆಂದು ತಿಳಿಯುವ ಮುಂಚೆಯೇ ಸತ್ತ. ವಿಮರ್ಶಕರು ಹೊಗಳಿದರು. ಅಭಿಮಾನಿಗಳಲ್ಲಿ ಒಂದು ದೊಡ್ಡ ಪಾಲು ಕೆರಳಿತು. ಈ ಸಿನಿಮಾವನ್ನು ಅಧಿಕೃತ ಕತೆಯಿಂದಲೇ ಕಿತ್ತುಹಾಕಿ ಅಂತ ಆನ್‌ಲೈನ್ ಮನವಿಗೆ ಲಕ್ಷ ದಾಟಿ ಸಹಿ ಬಿತ್ತು. ಸಿನಿಮಾದಲ್ಲಿ ತಪ್ಪಿಲ್ಲವೆಂದಲ್ಲ. ನಡುವಿನ ಜೂಜುಕಟ್ಟೆಯ ಭಾಗ ನನಗೂ ಎಳೆದಂತಾಯಿತು. ಆದರೆ ಏನೋ ಒಂದು ಹೇಳಬೇಕು ಅಂತ ಹೊರಟ ಸಿನಿಮಾ ಅದು. 133 ಕೋಟಿ ಡಾಲರ್ ಗಳಿಸಿತು. ಹಿಂದಿನದಕ್ಕೆ ಹೋಲಿಸಿದರೆ ಕಮ್ಮಿ, ಹಾಗೆ ನೋಡಿದರೆ ಅಗಾಧ ದುಡ್ಡು.

ಐದೇ ತಿಂಗಳಿಗೆ, 2018ರ ಮೇನಲ್ಲಿ, ಹ್ಯಾನ್ ಸೋಲೋನ ಕತೆ ಹೇಳುವ ‘ಸೋಲೋ’ ಬಂತು. ಅದರ ಇಬ್ಬರು ನಿರ್ದೇಶಕರನ್ನು ಶೂಟಿಂಗ್ ಮಧ್ಯದಲ್ಲೇ ತೆಗೆದುಹಾಕಿ ರಾನ್ ಹಾವರ್ಡ್ ಕೈಗೆ ಕೊಟ್ಟಿದ್ದರು. ಜಗತ್ತಿನಾದ್ಯಂತ 39 ಕೋಟಿ ಡಾಲರ್ ಬಂತು, ಹಾಕಿದ ದುಡ್ಡು ಹುಟ್ಟಲಿಲ್ಲ. ಅವಸರ ಜಾಸ್ತಿಯಾಯಿತು, ಆ ನಿರ್ಧಾರ ತಮ್ಮದೇ ಅಂತ ಐಗರ್ ಆ ವರ್ಷ ಬಹಿರಂಗವಾಗಿ ಒಪ್ಪಿಕೊಂಡರು.

ಇನ್ನು ಒಂಬತ್ತನೇ ಭಾಗ. ಇದು ಹಿಂದಿನ ಸಿನಿಮಾಕ್ಕೆ ಕೊಟ್ಟ ಉತ್ತರವಲ್ಲ ಅಂತ ಅದರ ತಂಡದವರು ಹೇಳಿದ್ದಾರೆ. ತೆರೆ ಮೇಲೆ ಕಾಣುವುದೇ ಬೇರೆ. ರೇ ಕತ್ತಿಯನ್ನು ಬೆಂಕಿಗೆ ಎಸೆಯುತ್ತಾಳೆ. ಲ್ಯೂಕ್‌ನ ಆತ್ಮ ಬಂದು ಅದನ್ನು ಹಿಡಿದು, ಜೆಡೈ ಯೋಧರ ಆಯುಧಕ್ಕೆ ಮರ್ಯಾದೆ ಕೊಡಬೇಕು ಅಂತ ಬುದ್ಧಿ ಹೇಳುತ್ತಾನೆ! ಎರಡು ವರ್ಷದ ಹಿಂದೆ ಅದನ್ನೇ ಬಿಸಾಡಿದ್ದ ಮನುಷ್ಯ. ಯಾರ ಮಗಳೂ ಅಲ್ಲ ಅಂದಿದ್ದ ರೇ ಈಗ ಹಳೇ ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳು. 1983ರಲ್ಲೇ ಸತ್ತ ಪಾಲ್ಪಟೀನ್ ಬದುಕಿದ್ದು ಹೇಗೆ? ಒಂದು ಪಾತ್ರ ‘ಹೇಗೋ ವಾಪಸ್ ಬಂದಿದ್ದಾನೆ’ ಅಂತ ಹೇಳಿ ಮುಗಿಸುತ್ತದೆ. ಆ ವಾಕ್ಯ ಇವತ್ತಿಗೂ ಮೀಮ್ ಆಗಿ ಓಡಾಡುತ್ತಿದೆ. ಅವನ ದನಿ ಬ್ರಹ್ಮಾಂಡಕ್ಕೆಲ್ಲ ಕೇಳಿಸಿತು ಅಂತ ಸಿನಿಮಾದ ಶುರುವಿನ ಬರಹದಲ್ಲಿ ಬರುತ್ತದೆ. ಆ ದನಿಯನ್ನು ಕೇಳಿಸಿದ್ದು ಮಾತ್ರ ಸಿನಿಮಾದಲ್ಲಲ್ಲ, ಆರು ದಿನ ಮುಂಚೆ ಫೋರ್ಟ್‌ನೈಟ್ ಎಂಬ ವಿಡಿಯೋ ಗೇಮ್‌ನಲ್ಲಿ. ಕತೆಯ ಮುಖ್ಯ ತಿರುವು ಜಾಹೀರಾತಿಗೆ ಹೋಯಿತು.

ರೋಸ್ ಟೀಕೋ ಎಂಬ ಪಾತ್ರದ ಗತಿ ನೋಡಿ. ‘ದ ಲಾಸ್ಟ್ ಜೆಡೈ’ಯಲ್ಲಿ ಆಕೆಗೆ ಹತ್ತು ನಿಮಿಷಕ್ಕೂ ಜಾಸ್ತಿ ಜಾಗವಿತ್ತು. ಆ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ಅವರನ್ನು ಜನಾಂಗ ಹಿಡಿದು, ಹೆಣ್ಣು ಅಂತ ಹಿಡಿದು ಎಷ್ಟು ಹೀಯಾಳಿಸಿದರು ಅಂದರೆ 2018ರಲ್ಲಿ ಅವರು ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿದರು. ಮುಂದಿನ ಸಿನಿಮಾದಲ್ಲಿ ರೋಸ್ ಕಾಣಿಸಿದ್ದು ಒಂದು ನಿಮಿಷ 16 ಸೆಕೆಂಡ್. ಕ್ಯಾರಿ ಫಿಶರ್ ಅವರ ಹಳೇ ತುಣುಕುಗಳ ಜೊತೆ ರೋಸ್ ದೃಶ್ಯಗಳು ಸರಿಯಾಗಿ ಕೂಡಿಬರಲಿಲ್ಲ ಅನ್ನುವ ವಿವರಣೆ ಬಂತು. ಇರಬಹುದು. ಆದರೆ ನಟಿಯನ್ನು ಕಾಡಿದವರಿಗೆ ತಲುಪಿದ ಸಂದೇಶ ಏನು? ಕೂಗಿದರೆ ಕೆಲಸ ಆಗುತ್ತದೆ ಅಂತ ತಾನೆ?

ಬೇಸರ ಒಂದೇ ಥರದ್ದಲ್ಲ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಸ್ಟಾರ್ ವಾರ್ಸ್ ಬಗ್ಗೆ ಬೇಸರ ಅಂದ ಕೂಡಲೇ ಎರಡು ಬಣ ಎದ್ದು ನಿಲ್ಲುತ್ತವೆ. ಹೆಣ್ಣುಮಕ್ಕಳನ್ನು, ಕಪ್ಪು ಜನರನ್ನು ತುರುಕಿ ಕೆಡಿಸಿದರು ಅಂತ ಒಂದು ಬಣ. ಬೇಸರ ಅನ್ನುವವರೆಲ್ಲ ಜನಾಂಗ ದ್ವೇಷಿಗಳು ಅಂತ ಇನ್ನೊಂದು. ಎರಡರಲ್ಲೂ ಬಹಳಷ್ಟು ಜನಕ್ಕೆ ಜಾಗವಿಲ್ಲ. ರಯಾನ್ ಜಾನ್ಸನ್ ಅವರಿಗೆ ಬಂದ ಟ್ವೀಟ್‌ಗಳನ್ನು 2018ರಲ್ಲಿ ಅಧ್ಯಯನ ಮಾಡಿದ ಸಂಶೋಧಕ ಮಾರ್ಟನ್ ಬೇ, ಬೈದವುಗಳಲ್ಲಿ ಸುಮಾರು ಅರ್ಧದಷ್ಟು ಬಾಟ್, ಟ್ರೋಲ್ ಅಥವಾ ರಾಜಕೀಯ ಉದ್ದೇಶದವರದ್ದು ಅಂದರು. ಸರಿ. ಉಳಿದರ್ಧ ನಿಜವಾದ ಜನ, ನಿಜವಾದ ಬೇಸರ ಅಂತಲೂ ಆಯಿತಲ್ವಾ?

ಫಿನ್ ಪಾತ್ರ ಮಾಡಿದ ಜಾನ್ ಬೊಯೇಗಾ ಅವರನ್ನೇ ತಗೊಳ್ಳಿ. ಏಳನೇ ಭಾಗದ ಪ್ರಚಾರದಲ್ಲಿ ಲೈಟ್‌ಸೇಬರ್ ಹಿಡಿದು ನಿಂತವರು ಅವರು. ಸರ್ವಾಧಿಕಾರಿಗಳ ಸೈನ್ಯ ಬಿಟ್ಟು ಓಡಿಬಂದ ಸೈನಿಕ, ಇಂಥ ಪಾತ್ರ ಈ ಸರಣಿಯಲ್ಲಿ ಅದುವರೆಗೆ ನಾಯಕನ ಜಾಗಕ್ಕೆ ಬಂದೇ ಇರಲಿಲ್ಲ. ಚೀನಾದಲ್ಲಿ ಹಾಕಿದ ಪೋಸ್ಟರಿನಲ್ಲಿ ಅವರನ್ನು ಚಿಕ್ಕದು ಮಾಡಿದ್ದರು. ಒಂಬತ್ತನೇ ಭಾಗದ ಹೊತ್ತಿಗೆ ಫಿನ್‌ಗೆ ರೇ ಹೆಸರು ಕೂಗಿಕೊಂಡು ಓಡುವುದು ಬಿಟ್ಟರೆ ಹೆಚ್ಚು ಕೆಲಸವಿರಲಿಲ್ಲ. ಕಪ್ಪು ನಟನನ್ನು ಪ್ರಚಾರದಲ್ಲಿ ಮುಂದೆ ನಿಲ್ಲಿಸಿ ಆಮೇಲೆ ಪಕ್ಕಕ್ಕೆ ತಳ್ಳಬೇಡಿ ಅಂತ ಬೊಯೇಗಾ 2020ರಲ್ಲಿ ನೇರವಾಗಿ ಹೇಳಿದರು. ಹೊಸ ಮುಖಗಳು ಬಂದವಲ್ಲ ಅಂತ ಖುಷಿಪಟ್ಟವರ ಬೇಸರ ಇದು. ಜಗಳದ ಗದ್ದಲದಲ್ಲಿ ಇದು ಕೇಳಿಸಲೇ ಇಲ್ಲ.

ಇನ್ನು ಓದುಗರ ಬೇಸರ. 1991ರಲ್ಲಿ ತಿಮೊಥಿ ಝಾನ್ ಬರೆದ ಕಾದಂಬರಿಯಿಂದ ಶುರುವಾಗಿ ಸಾಲುಸಾಲಾಗಿ ಪುಸ್ತಕ, ಕಾಮಿಕ್ಸ್ ಬಂದವು. ಲ್ಯೂಕ್ ಮದುವೆಯಾದ, ಹ್ಯಾನ್ ಮತ್ತು ಲೇಯಾಗೆ ಮಕ್ಕಳಾದವು. ಸಿನಿಮಾ ಇಲ್ಲದ ವರ್ಷಗಳಲ್ಲಿ ಸ್ಟಾರ್ ವಾರ್ಸ್ ಉಸಿರಾಡಿದ್ದೇ ಈ ಪುಸ್ತಕಗಳಲ್ಲಿ. 2014ರ ಏಪ್ರಿಲ್‌ನಲ್ಲಿ ಲೂಕಸ್‌ಫಿಲ್ಮ್ ಇವೆಲ್ಲ ಇನ್ನುಮುಂದೆ ‘ಲೆಜೆಂಡ್ಸ್’, ಅಂದರೆ ಅಧಿಕೃತ ಕತೆಯಲ್ಲ, ಅಂತ ಪ್ರಕಟಿಸಿತು. ಹೊಸ ಸಿನಿಮಾ ಬರೆಯಲು ಕೈ ಬಿಡಿಸಿಕೊಳ್ಳಬೇಕಿತ್ತು, ತರ್ಕ ಸರಿಯೇ. ಆದರೆ ಹಾಗೆ ಖಾಲಿ ಮಾಡಿಕೊಂಡ ಜಾಗದಲ್ಲಿ ಕಟ್ಟಿದ್ದು 1977ರ ನಕಲನ್ನು. ಓದಿದವರಿಗೆ ಉರಿದದ್ದು ಅದಕ್ಕೆ. ಆಮೇಲೆ ಅದೇ ಕಾದಂಬರಿಯ ಖಳನಾಯಕ ಥ್ರಾನ್‌ನನ್ನು ಮತ್ತೆ ಕರೆತಂದರು ಬಿಡಿ.

ಬರೀ ದುಡ್ಡಿನ ಬೇಸರವೂ ಇದೆ. ಫ್ಲಾರಿಡಾದಲ್ಲಿ ಡಿಸ್ನಿ 2022ರ ಮಾರ್ಚ್‌ನಲ್ಲಿ ಸ್ಟಾರ್ ವಾರ್ಸ್ ಹೋಟೆಲ್ ತೆರೆಯಿತು. ಎರಡು ರಾತ್ರಿ, ಇಬ್ಬರಿಗೆ, ಸುಮಾರು 4,800 ಡಾಲರ್. 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಹೆಚ್ಚು ಹೇಳುವುದು ಬೇಡ.

ನೋಡಬೇಕಾದ ಪಟ್ಟಿ ಬೆಳೆದಾಗ

2019ರ ನವೆಂಬರಿನಲ್ಲಿ ಡಿಸ್ನಿ ತನ್ನ ಓಟಿಟಿ ಶುರು ಮಾಡಿದ ದಿನವೇ ‘ದ ಮ್ಯಾಂಡಲೋರಿಯನ್’ ಸೀರೀಸ್ ಬಂತು. ಮುಖ ಮುಚ್ಚಿಕೊಂಡ ಒಬ್ಬ ಬೇಟೆಗಾರ, ಅವನ ಜೊತೆ ಹಸಿರು ಕಿವಿಯ ಒಂದು ಮಗು. ಹಿಂದಿನದೇನೂ ಗೊತ್ತಿಲ್ಲದಿದ್ದರೂ ನೋಡಬಹುದಿತ್ತು. ಮಗುವಿನ ಗುಟ್ಟು ಬಿಟ್ಟುಕೊಡಬಾರದು ಅಂತ ಆಟಿಕೆ ಕಂಪನಿಗಳಿಗೂ ಮೊದಲೇ ತೋರಿಸಿರಲಿಲ್ಲ. ಹಾಗಾಗಿ ಆ ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಆ ಗೊಂಬೆ ಸರಿಯಾಗಿ ಸಿಗಲೇ ಇಲ್ಲ. ಡಿಸ್ನಿಯಂಥ ಕಂಪನಿ ವ್ಯಾಪಾರಕ್ಕಿಂತ ಕತೆಯನ್ನು ಮುಂದಿಟ್ಟ ಅಪರೂಪದ ಗಳಿಗೆ. ಜನ ಹುಚ್ಚೆದ್ದು ಪ್ರೀತಿಸಿದರು.

ಆಮೇಲೆ ಅದಕ್ಕೂ ಸರಪಳಿ ಬಿತ್ತು. ಎರಡನೇ ಸೀಸನ್ ಕೊನೆಗೆ ಮಗು ಗ್ರೋಗು ಬೇಟೆಗಾರನನ್ನು ಬಿಟ್ಟು ಹೋಗುವ ದೃಶ್ಯ ಎಂಥವರನ್ನೂ ಅಳಿಸುತ್ತದೆ. ಮೂರನೇ ಸೀಸನ್ ಹಾಕಿದರೆ ಇಬ್ಬರೂ ಆರಾಮಾಗಿ ಜೊತೆಗೇ ಇದ್ದಾರೆ. ಅವರು ಮತ್ತೆ ಒಂದಾದದ್ದು ಬೇರೊಂದು ಸೀರೀಸಿನಲ್ಲಿ, ‘ದ ಬುಕ್ ಆಫ್ ಬೋಬಾ ಫೆಟ್’ನಲ್ಲಿ. ಅದನ್ನು ನೋಡದವರು ಏನಾಯಿತಪ್ಪ ಅಂತ ತಲೆ ಕೆರೆದುಕೊಳ್ಳಬೇಕು. ‘ಅಸೋಕಾ’ ಸೀರೀಸ್ ಪೂರ್ತಿ ಅರ್ಥವಾಗಬೇಕಾದರೆ ಹಿಂದಿನ ಎರಡು ಕಾರ್ಟೂನ್ ಸರಣಿ ನೋಡಿರಬೇಕು. ನಮ್ಮಲ್ಲಿ ಹಾಟ್‌ಸ್ಟಾರ್ ಮೂಲಕ ಸ್ಟಾರ್ ವಾರ್ಸ್‌ಗೆ ಹೊಸದಾಗಿ ಬಂದವರು ಎಲ್ಲಿಂದ ಶುರು ಮಾಡಲಿ ಅಂತ ಕೇಳುವುದು ಇದಕ್ಕೇ. 2020ರ ಡಿಸೆಂಬರಿನಲ್ಲಿ ಹೂಡಿಕೆದಾರರ ಸಭೆಯೊಂದರಲ್ಲಿ ಡಿಸ್ನಿ ಸುಮಾರು ಹತ್ತು ಸ್ಟಾರ್ ವಾರ್ಸ್ ಸೀರೀಸ್‌ಗಳ ಪಟ್ಟಿ ಓದಿತು. ಅಭಿಮಾನಿಗಳಿಗಲ್ಲ, ಹೂಡಿಕೆದಾರರಿಗೆ. ಅದರಲ್ಲಿ ಕೆಲವು ಬರಲೇ ಇಲ್ಲ. ಸಿನಿಮಾಗಳದ್ದೂ ಅದೇ ಕತೆ. ರಯಾನ್ ಜಾನ್ಸನ್ ಮಾಡಬೇಕಿದ್ದ ಇನ್ನೊಂದು ಮೂರರ ಸರಣಿ, ‘ಗೇಮ್ ಆಫ್ ಥ್ರೋನ್ಸ್’ ಸೀರೀಸ್ ಮಾಡಿದ ಜೋಡಿಯ ಸಿನಿಮಾಗಳು, ಪ್ಯಾಟಿ ಜೆಂಕಿನ್ಸ್ ಅವರ ‘ರೋಗ್ ಸ್ಕ್ವಾಡ್ರನ್’, ಎಲ್ಲ ಪ್ರಕಟವಾದವು, ತೆರೆಗೆ ಬರಲಿಲ್ಲ.

2024ರಲ್ಲಿ ಬಂದ ‘ದ ಆಕೊಲೈಟ್’ ಅನ್ನು ಒಂದೇ ಸೀಸನ್‌ಗೆ ನಿಲ್ಲಿಸಿದರು. ಹಾಕಿದ ದುಡ್ಡಿಗೆ ತಕ್ಕಷ್ಟು ಜನ ನೋಡಲಿಲ್ಲ ಅನ್ನುವುದು ಕಂಪನಿ ಕೊಟ್ಟ ಕಾರಣ. ಒಂದು ಎಪಿಸೋಡ್ ಬರುವ ಮುಂಚೆಯೇ ಅದನ್ನು ಬೈದು ಯೂಟ್ಯೂಬ್‌ನಲ್ಲಿ ದುಡ್ಡು ಮಾಡುತ್ತಿದ್ದವರಿಗೆ ಗೆದ್ದ ಖುಷಿ. ಸಿಟ್ಟನ್ನೇ ವ್ಯಾಪಾರ ಮಾಡಿಕೊಂಡವರಿಗೆ ಒಳ್ಳೆಯ ಸಿನಿಮಾ ಬಂದರೆ ನಷ್ಟ ಅನ್ನುವುದನ್ನೂ ನೆನಪಿಡಬೇಕು.

ಅದೇ ಮಾಲೀಕರು, ಅದೇ ಆಫೀಸು

ಇಷ್ಟೆಲ್ಲ ಆದ ಮೇಲೂ ‘ಆ್ಯಂಡೋರ್’ ಬಂತಲ್ಲ! ಹೊಸ ಮಾಲೀಕರೇ ಎಲ್ಲಕ್ಕೂ ಕಾರಣ ಅನ್ನುವವರು ಉತ್ತರ ಕೊಡಬೇಕಾದದ್ದು ಇದಕ್ಕೆ. 2022ರಲ್ಲಿ ಮೊದಲ ಸೀಸನ್, 2025ರಲ್ಲಿ ಎರಡನೆಯದು. ಒಟ್ಟು 24 ಎಪಿಸೋಡ್. ಅದನ್ನು ರೂಪಿಸಿದ ಟೋನಿ ಗಿಲ್ರಾಯ್ ಹೇಳಿದಂತೆ ಖರ್ಚು ಸುಮಾರು 65 ಕೋಟಿ ಡಾಲರ್. ಡಿಸ್ನಿಯದ್ದೇ ದುಡ್ಡು. ಆಗಲೂ ಲೂಕಸ್‌ಫಿಲ್ಮ್ ನಡೆಸುತ್ತಿದ್ದವರು, ಅಭಿಮಾನಿಗಳು ಹತ್ತು ವರ್ಷದಿಂದ ರಾಜೀನಾಮೆ ಕೇಳುತ್ತಿದ್ದ ಅದೇ ಕ್ಯಾಥ್ಲೀನ್ ಕೆನಡಿ.

ಇದರಲ್ಲಿ ಕತ್ತಿ ಹಿಡಿದ ಜೆಡೈ ಇಲ್ಲ. ಹಳೇ ನಾಯಕರು ಬಾಗಿಲು ತೆರೆದು ಒಳಗೆ ಬಂದು ಚಪ್ಪಾಳೆ ಗಿಟ್ಟಿಸುವುದಿಲ್ಲ. ಮೊದಲ ಸೀಸನ್‌ನಲ್ಲಿ ಒಂದು ಜೈಲಿದೆ, ಸುತ್ತ ಸಮುದ್ರ. ಕೈದಿಗಳು ಬರಿಗಾಲಲ್ಲಿ ನಿಂತು ಯಂತ್ರದ ಯಾವುದೋ ಬಿಡಿಭಾಗ ಜೋಡಿಸುತ್ತಾರೆ. ಹಿಂದೆ ಬಿದ್ದ ತಂಡಕ್ಕೆ ನೆಲದಿಂದ ಕರೆಂಟ್ ಹೊಡೆಯುತ್ತದೆ. ಕಿನೋ ಎಂಬ ಕೈದಿಯೇ ಉಳಿದವರ ಮೇಸ್ತ್ರಿ. ಶಿಕ್ಷೆ ಮುಗಿದರೆ ಬಿಡುತ್ತಾರೆ ಅಂತ ನಂಬಿ ಎಲ್ಲರನ್ನೂ ಗದರಿಸಿ ದುಡಿಸುತ್ತಿದ್ದವನು. ಯಾರನ್ನೂ ಬಿಡುವುದಿಲ್ಲ ಅಂತ ಗೊತ್ತಾದ ಮೇಲೆ ಅವನೇ ದಂಗೆಗೆ ದನಿಯಾಗುತ್ತಾನೆ. ಎಲ್ಲರೂ ಸಮುದ್ರಕ್ಕೆ ಹಾರುವಾಗ ಅಂಚಿನಲ್ಲಿ ನಿಂತು ತನಗೆ ಈಜು ಬರುವುದಿಲ್ಲ ಅನ್ನುತ್ತಾನೆ. ಅವನ ಮುಂದಿನ ಗತಿಯನ್ನು ಸೀರೀಸ್ ತೋರಿಸುವುದಿಲ್ಲ. ಅವರು ಜೋಡಿಸುತ್ತಿದ್ದ ಬಿಡಿಭಾಗ ಹೋಗಿದ್ದು 1977ರ ಸಿನಿಮಾದಲ್ಲಿ ಗ್ರಹವನ್ನೇ ಸುಡುವ ಅಸ್ತ್ರವಾದ ಡೆತ್ ಸ್ಟಾರ್‌ಗೆ ಅನ್ನುವುದು ಸೀಸನ್ ಮುಗಿದ ಮೇಲಿನ ತುಣುಕಿನಲ್ಲಿ ಗೊತ್ತಾಗುತ್ತದೆ. ಹಳೇ ಸಿನಿಮಾದ ನೆನಪು ಇಲ್ಲಿ ಲಂಚವಾಗಿ ಬರುವುದಿಲ್ಲ, ಕತೆಯ ಒಳಗಿನಿಂದಲೇ ಬರುತ್ತದೆ.

ಕಂಪನಿಯವರು ಬರವಣಿಗೆಯಲ್ಲಿ ಕೈ ಹಾಕಲಿಲ್ಲ ಅಂತ ಗಿಲ್ರಾಯ್ ಹೇಳಿದ್ದಾರೆ. ಮೊದಲ ಸೀಸನ್ ಕೊನೆಯಲ್ಲಿ ಮಾರ್ವಾ ಎಂಬ ಹೆಂಗಸಿನ ಬಾಯಲ್ಲಿದ್ದ ಒಂದು ಬೈಗುಳವನ್ನು ತೆಗೆಯಿರಿ ಅಂದರಂತೆ, ಅಷ್ಟೆ. ‘ಸಾಮ್ರಾಜ್ಯದ ವಿರುದ್ಧ ಹೋರಾಡಿ’ ಅಂತಾಯಿತು. ಶುರುವಿನಲ್ಲಿ ನೋಡಿದವರು ಕಮ್ಮಿ. ಬಾಯಿಂದ ಬಾಯಿಗೆ ಹರಡಿ ಜನ ಸೇರಿದರು. 2025ರಲ್ಲಿ ಚಿತ್ರಕಥೆಗೆ ಸೇರಿ ಐದು ಎಮ್ಮಿ ಪ್ರಶಸ್ತಿ ಬಂತು. ಇಂಥದ್ದನ್ನು ಮಾಡಿ ಅಂತ ಯಾವ ಅಭಿಮಾನಿಯೂ ಕೇಳಿರಲಿಲ್ಲ. ‘ರೋಗ್ ಒನ್’ ಸಿನಿಮಾದ ಒಂದು ಪಾತ್ರವಾದ ಕ್ಯಾಸಿಯನ್ ಆ್ಯಂಡೋರ್ ಬಗ್ಗೆ ಎರಡು ಸೀಸನ್ ಅಂದಾಗ ಯಾರಿಗೆ ಬೇಕಿತ್ತು ಇದು ಅಂತಲೇ ಬಹಳ ಜನ ನಕ್ಕಿದ್ದರು.

ಹಾಗಾಗಿ 2026ರ ಜನವರಿಯಲ್ಲಿ ಕೆನಡಿ ಕೆಳಗಿಳಿದು ಡೇವ್ ಫಿಲೋನಿ ಬಂದಾಗ ಅಭಿಮಾನಿಗಳು ಪಟ್ಟ ಸಂಭ್ರಮವನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡಿದೆ. ಫಿಲೋನಿ ಲೂಕಸ್ ಕೈಕೆಳಗೆ ಕಾರ್ಟೂನ್ ಮಾಡಿ ಬೆಳೆದವರು. ಸ್ವತಃ ದೊಡ್ಡ ಅಭಿಮಾನಿ, ಈ ಲೋಕದ ಮೂಲೆಮೂಲೆ ಗೊತ್ತು. ‘ಅಸೋಕಾ’ ಅವರದೇ. ಅಭಿಮಾನಿಗೆ ಏನು ಬೇಕು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನನ್ನ ಹೆದರಿಕೆಯೂ ಅದೇ.

2019ರ ನಂತರ ಥಿಯೇಟರಿಗೆ ಅಂತ ಗೊತ್ತು ಮಾಡಿದ ಮೊದಲ ಸಿನಿಮಾ, 2026ರ ಮೇ 22ರ ‘ದ ಮ್ಯಾಂಡಲೋರಿಯನ್ ಆ್ಯಂಡ್ ಗ್ರೋಗು’, ಗೊತ್ತಿದ್ದ ಮುಖಗಳದ್ದೇ. ಸ್ಟೀವನ್ ಸೋಡರ್‌ಬರ್ಗ್ ಎಂಬ ನಿರ್ದೇಶಕರ ಜೊತೆ ಸೇರಿ ತಾವು ರೂಪಿಸಿದ್ದ, ಹ್ಯಾನ್ ಮತ್ತು ಲೇಯಾ ಅವರ ಮಗ ಬೆನ್ ಸೋಲೋ ಕುರಿತ ಸಿನಿಮಾವನ್ನು ಡಿಸ್ನಿ ಬೇಡ ಅಂದಿತು ಅಂತ 2025ರ ಅಕ್ಟೋಬರಿನಲ್ಲಿ ಆ ಪಾತ್ರ ಮಾಡಿದ ನಟ ಆ್ಯಡಮ್ ಡ್ರೈವರ್ ಹೇಳಿದರು. ಒಂಬತ್ತನೇ ಭಾಗದಲ್ಲಿ ಸತ್ತ ಬೆನ್ ಬದುಕಿ ಬರುವುದು ಹೇಗೆ ಅನ್ನುವುದು ಡಿಸ್ನಿಯವರ ಪ್ರಶ್ನೆಯಾಗಿತ್ತಂತೆ. ಪಾಲ್ಪಟೀನ್ ವಿಷಯದಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ ನೋಡಿ. ಸುದ್ದಿ ಬಂದ ಮೇಲೆ ಅಭಿಮಾನಿಗಳು ದುಡ್ಡು ಹಾಕಿ, ಆ ಸಿನಿಮಾ ಉಳಿಸಿ ಅನ್ನುವ ಬ್ಯಾನರ್ ಕಟ್ಟಿದ ವಿಮಾನವನ್ನು ಡಿಸ್ನಿ ಸ್ಟುಡಿಯೋ ಮೇಲೆ ಹಾರಿಸಿದರು.

ನಾನು ಕಾಯುತ್ತಿರುವುದು 2027ರ ಮೇ 28ಕ್ಕೆ ದಿನ ಗೊತ್ತು ಮಾಡಿರುವ ‘ಸ್ಟಾರ್‌ಫೈಟರ್’ಗೆ. ಶಾನ್ ಲೆವಿ ನಿರ್ದೇಶನ, ರಯಾನ್ ಗಾಸ್ಲಿಂಗ್ ನಾಯಕ. ಕತೆ ನಡೆಯುವುದು ‘ರೈಸ್ ಆಫ್ ಸ್ಕೈವಾಕರ್’ ಮುಗಿದ ಐದು ವರ್ಷದ ಮೇಲೆ, ಪಾತ್ರಗಳು ಹೊಸವು ಅಂತ ತಂಡ ಹೇಳಿದೆ. ಟ್ರೈಲರ್ ಬಂದ ದಿನ ಅರ್ಧ ಜನ ಇದು ಸ್ಟಾರ್ ವಾರ್ಸೇ ಅಲ್ಲ ಅಂತ ಕೂಗುತ್ತಾರೆ. ಆ ಒಂದು ವಾರ ಡಿಸ್ನಿಯವರು ಫೋನ್ ಆಫ್ ಮಾಡಿ ಇಟ್ಟರೆ ಒಳ್ಳೆಯದು.